ಪೆನ್ನು ಎಡಗೈಗೆ, ಮುದ್ದೆ ಬಲಗೈಗೆ. ವಾಚು ಯಾವ ಕೈಗೆ?

ಹೊಸೂರಿನಿಂದ ತಳಿ ಕಡೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದೆ ನಿಂತವರಿಗೆ ನೋಡಲು ಸಿಗುವುದು ಕೈಗಳೇ. ಮೇಲಿನ ಕಂಬಿ ಹಿಡಿದ ಆ ಸಾಲಿನಲ್ಲಿ ಒಬ್ಬರ ಬಲಗೈಯಲ್ಲಿ ವಾಚು ಕಂಡರೆ ಸಾಕು, "ಓ, ಇವರು ಎಡಚರು" ಅಂತ ನಮ್ಮೊಳಗಿನ ಪತ್ತೇದಾರ ಷರಾ ಬರೆದುಬಿಡುತ್ತಾನೆ. ಊಹೆ ಸುಲಭ, ಆದರೆ ನಿಲ್ಲುವುದಿಲ್ಲ. ಯಾಕೆ ನಿಲ್ಲುವುದಿಲ್ಲ ಅಂತ ಬಿಡಿಸುತ್ತಾ ಹೋದರೆ ವಾಚಿನ ಹೊಟ್ಟೆಯೊಳಗಿನ ಸಂಗತಿಯೂ ಬರುತ್ತದೆ, ನಮ್ಮ ತಲೆಯೊಳಗಿನದೂ ಬರುತ್ತದೆ, ಊಟದ ತಟ್ಟೆಯೂ ಬರುತ್ತದೆ.

ಮೊದಲು ಲೆಕ್ಕ. ಜಗತ್ತಿನಲ್ಲಿ ಎಡಚರು ನೂರಕ್ಕೆ ಹೆಚ್ಚುಕಡಿಮೆ ಹತ್ತು ಜನ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 23 ಲಕ್ಷಕ್ಕೂ ಜಾಸ್ತಿ ಜನರ ಮಾಹಿತಿ ನೋಡಿದ ಒಂದು ದೊಡ್ಡ ವಿಶ್ಲೇಷಣೆ 2020ರಲ್ಲಿ ಬಂತು. ಅದರಲ್ಲಿ ಸಿಕ್ಕ ಅಂಕಿ ಶೇಕಡಾ 10.6. ಈಗ ವಾಚು ಕಟ್ಟಿದ ನೂರು ಜನರನ್ನು ತೆಗೆದುಕೊಳ್ಳೋಣ. ಅವರಲ್ಲಿ ಎಡಚರು 10, ಬಲಗೈಯವರು 90. ಎಡಚರಲ್ಲಿ ಅರ್ಧ ಜನ, ಅಂದರೆ 5 ಮಂದಿ, ಬಲಗೈಗೆ ವಾಚು ಕಟ್ಟುತ್ತಾರೆ ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯಿರಿ. ಬಲಗೈಯವರಲ್ಲೂ ಕೆಲವರು ಫ್ಯಾಷನ್ನಿಗೋ, ಎಡಗೈಯಲ್ಲಿ ಗಾಯವಾಗಿದೆ ಅಂತಲೋ, ಅಭ್ಯಾಸಕ್ಕೋ ಬಲಗೈಗೇ ಕಟ್ಟುತ್ತಾರೆ. 90ರಲ್ಲಿ ಅಂಥವರು ಬರೀ 5 ಜನ ಅನ್ನೋಣ. ಆಗ ಬಲಗೈಯಲ್ಲಿ ವಾಚು ಇರುವವರು ಒಟ್ಟು 10. ಅವರಲ್ಲಿ ಎಡಚರು 5, ಬಲಗೈಯವರೂ 5. ನಮ್ಮ ಪತ್ತೇದಾರ ಎರಡು ಸಲ ಹೇಳಿದರೆ ಒಂದು ಸಲ ತಪ್ಪು!

ಮೋಸ ಇರುವುದು ಎಲ್ಲಿ? ಬಲಗೈಯವರ ಗುಂಪು ಅಷ್ಟು ದೊಡ್ಡದು. ಅವರಲ್ಲಿ ಬೆರಳೆಣಿಕೆಯ ಜನ ರೂಢಿ ಬಿಟ್ಟು ನಡೆದರೂ, ಎಡಚರ ಅರ್ಧ ಗುಂಪಿಗೆ ಸಮವಾಗಿಬಿಡುತ್ತದೆ. ಎಡಗೈಯಲ್ಲಿ ವಾಚು ಕಂಡಾಗ "ಇವರು ಬಲಗೈಯವರು" ಅಂದರೆ ನೂರಕ್ಕೆ ತೊಂಬತ್ತನಾಲ್ಕು ಸಲ ಸರಿಯಾಗುತ್ತದೆ, ನಿಜ. ಆದರೆ ಕಣ್ಣು ಮುಚ್ಚಿಕೊಂಡು ಎಲ್ಲರನ್ನೂ ಬಲಗೈಯವರು ಅಂದರೂ ತೊಂಬತ್ತು ಸಲ ಸರಿಯಾಗುತ್ತಿತ್ತು ಅಲ್ವಾ? ವಾಚು ನೋಡಿ ಗಳಿಸಿದ್ದು ಅಷ್ಟರಲ್ಲೇ ಇದೆ.

ಎಡಚರೆಲ್ಲ ಬಲಗೈಗೇ ಯಾಕೆ ಕಟ್ಟುವುದಿಲ್ಲ ಅನ್ನುವುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ವಾಚಿನ ಪಕ್ಕದಲ್ಲೇ ಇದೆ. ಮುಳ್ಳು ತಿರುಗಿಸಲು, ಕೀ ಕೊಡಲು ಇರುವ ಆ ಸಣ್ಣ ಗುಂಡಿ. ನಾವೆಲ್ಲ ಅದನ್ನೂ ಕೀ ಅಂತಲೇ ಕರೆಯುತ್ತೇವೆ. ಹೆಚ್ಚುಕಡಿಮೆ ಎಲ್ಲ ವಾಚುಗಳಲ್ಲೂ ಅದು 3ರ ಪಕ್ಕದಲ್ಲಿರುತ್ತದೆ.

ಎಡಗೈಗೆ ವಾಚು ಕಟ್ಟಿ, ಟೈಮ್ ನೋಡುವ ಹಾಗೆ ಎದೆಯ ಮುಂದೆ ಅಡ್ಡ ಹಿಡಿಯಿರಿ. ಕೀ ನಿಮ್ಮ ಎಡಗೈ ಬೆರಳುಗಳ ದಿಕ್ಕಿಗಿದೆ. ಬಲಗೈಯ ಹೆಬ್ಬೆರಳು, ತೋರುಬೆರಳು ನೇರವಾಗಿ ಬಂದು ಅದನ್ನು ಹಿಡಿಯುತ್ತವೆ. ವಾಚು ಬಿಚ್ಚುವುದೇ ಬೇಡ. ಈಗ ಅದೇ ವಾಚನ್ನು ಬಲಗೈಗೆ ಬದಲಿಸಿ. ಕೀ ಮೊಣಕೈ ಕಡೆಗೆ ತಿರುಗಿತು. ಎಡಗೈ ಈಗ ಇಡೀ ಡಯಲ್ ದಾಟಿ ಆಚೆ ಬದಿಗೆ ಹೋಗಬೇಕು. ಟೈಮ್ ಸರಿಮಾಡುವಾಗ ಡಯಲ್ಲೇ ಕಾಣದ ಹಾಗೆ ನಿಮ್ಮ ಕೈಯೇ ಅಡ್ಡ ಬರುತ್ತದೆ. ತುಂಬುತೋಳಿನ ಅಂಗಿ ಹಾಕಿದ್ದರೆ ಕೀ ಕಫ್ಫಿನ ಒಳಗೆ. ಕೀ ಎಲ್ಲಿದೆ ಅನ್ನುವುದರಲ್ಲೇ "ಇದು ಎಡಗೈಗೆ ಕಟ್ಟುವ ವಸ್ತು" ಅಂತ ತೀರ್ಮಾನ ಆಗಿಹೋಗಿದೆ.

ಅದನ್ನು ತೀರ್ಮಾನಿಸಿದವರು ಯಾರು? ಒಬ್ಬರು ಕೂತು ಬರೆದ ನಿಯಮ ಅಲ್ಲ. ವಾಚು ಮೊದಲು ಇದ್ದದ್ದು ಜೇಬಿನಲ್ಲಿ, ಸರಪಳಿ ಸಮೇತ. ಗಾಂಧೀಜಿ ಕೊನೆಯವರೆಗೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದು ಅಂಥದ್ದೇ. ಮಣಿಕಟ್ಟಿಗೆ ಕಟ್ಟುವ ಗಡಿಯಾರ ಆಗ ಶ್ರೀಮಂತ ಹೆಂಗಸರ ಆಭರಣ. ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯುರಾ 1810ರಲ್ಲಿ ಪ್ಯಾರಿಸ್ಸಿನ ಬ್ರೆಗೆ ಹತ್ತಿರ ಅಂಥದ್ದೊಂದನ್ನು ಹೇಳಿ ಮಾಡಿಸಿದ್ದಳು. ಗಂಡಸರು ಅದನ್ನು ಬಳೆಯ ಸಾಲಿಗೆ ಸೇರಿಸಿ ದೂರ ಇಟ್ಟಿದ್ದರು. 1904ರಲ್ಲಿ ಬ್ರೆಜಿಲ್‌ನ ವಿಮಾನಿ ಸ್ಯಾಂಟೋಸ್ ಡ್ಯುಮಾಂಟ್‌ಗೆ ಕಾರ್ಟಿಯೆ ಒಂದು ಕೈಗಡಿಯಾರ ಮಾಡಿಕೊಟ್ಟ. ಹಾರುವಾಗ ಎರಡೂ ಕೈಗೆ ಕೆಲಸ ಇರುತ್ತದೆ, ಜೇಬಿಗೆ ಕೈಹಾಕುತ್ತಾ ಕೂರಲು ಆಗುವುದಿಲ್ಲ. ಹತ್ತು ವರ್ಷದಲ್ಲಿ ಮೊದಲ ಮಹಾಯುದ್ಧ ಬಂತು. ಇಂಥ ನಿಮಿಷಕ್ಕೆ ಫಿರಂಗಿ ನಿಲ್ಲಬೇಕು, ಇಂಥ ನಿಮಿಷಕ್ಕೆ ಸೈನಿಕರು ಕಂದಕ ಬಿಟ್ಟು ಏಳಬೇಕು. ಕೋಟಿನ ಗುಂಡಿ ಬಿಚ್ಚಿ ಗಡಿಯಾರ ಹುಡುಕುವ ಪುರುಸೊತ್ತು ಯಾರಿಗೂ ಇರಲಿಲ್ಲ. ಯುದ್ಧ ಮುಗಿಸಿ ಊರಿಗೆ ಬಂದವರ ಕೈಯಲ್ಲಿ ಅದು ಗಂಡಸರ ವಸ್ತುವೂ ಆಗಿತ್ತು.

ಆ ಕಾಲದ ಎಷ್ಟೋ ಕೈಗಡಿಯಾರಗಳು ಸಣ್ಣ ಜೇಬುಗಡಿಯಾರಕ್ಕೆ ತಂತಿ ಬೆಸುಗೆ ಹಾಕಿ ಬೆಲ್ಟು ತೂರಿಸಿದವು. ಜೇಬುಗಡಿಯಾರಗಳಲ್ಲಿ ಎರಡು ಜಾತಿ. ಮುಚ್ಚಳ ಇಲ್ಲದ್ದರಲ್ಲಿ ಕೀ 12ರ ತಲೆ ಮೇಲೆ. ಮುಚ್ಚಳ ಇರುವುದರಲ್ಲಿ ಕೀ 3ರ ಹತ್ತಿರ, ಸೆಕೆಂಡಿನ ಪುಟ್ಟ ಮುಳ್ಳು 6ರ ಹತ್ತಿರ. ಕೈಗೆ ಹೊಂದಿದ್ದು ಎರಡನೆಯದು. ಮೊದಲನೆಯದನ್ನು ತಿರುಗಿಸಿ ಕೀಯನ್ನು 3ಕ್ಕೆ ತಂದರೆ ಸೆಕೆಂಡಿನ ಮುಳ್ಳು 9ಕ್ಕೆ ಹೋಗಿಬಿಡುತ್ತಿತ್ತು. ಹಾಗೆ ಮಾಡಿದವೂ ಇವೆ.

ಎಡಗೈ ಆಯ್ಕೆಗೆ ಇನ್ನೊಂದು ಕಾರಣ ಏಟು. ಕೀ ಕೊಡುವ ವಾಚಿನ ಜೀವ ಇರುವುದು ಆ ಕಡೆ ಈ ಕಡೆ ತೊನೆಯುವ ಒಂದು ಚಕ್ರದಲ್ಲಿ. ಆ ಚಕ್ರ ನಿಂತಿರುವ ಅಚ್ಚಿನ ತುದಿ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಸುತ್ತಿಗೆ ಹಿಡಿದ, ಗುದ್ದಲಿ ಎತ್ತಿದ ಕೈಗೆ ವಾಚು ಕಟ್ಟಿದರೆ ಆ ತುದಿ ಮುರಿಯಲು ಎಷ್ಟು ಹೊತ್ತು? ಏಟು ತಡೆಯುವ ಸ್ಪ್ರಿಂಗಿನ ಏರ್ಪಾಡು 1930ರ ದಶಕದಲ್ಲಿ ಬಂತು, ಆಮೇಲೆ ನಿಧಾನಕ್ಕೆ ಎಲ್ಲ ಕಡೆ ಹರಡಿತು. ಅಲ್ಲಿಯವರೆಗೆ ಕೆಲಸ ಕಡಿಮೆ ಮಾಡುವ ಕೈಯೇ ವಾಚಿಗೆ ಕ್ಷೇಮ.

ನಮ್ಮ ಕಡೆಯವರಿಗೆ ವಾಚು ದೂರದ ಮಾತಲ್ಲ. ಬೆಂಗಳೂರಿನಲ್ಲಿ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಮಾಡಲು ಶುರು ಮಾಡಿತು. ಟಾಟಾದವರೂ ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮವೂ ಸೇರಿ 1984ರಲ್ಲಿ ಟೈಟನ್ ಕಟ್ಟಿದರು, ಕಾರ್ಖಾನೆ ನಮ್ಮ ಹೊಸೂರಿನಲ್ಲೇ ಎದ್ದಿತು. ಕರ್ನಾಟಕದ ಗಡಿಯಿಂದ ಕೂಗಳತೆ ದೂರ. ತಳಿ, ದೆಂಕಣಿಕೋಟೆ, ಬಾಗಲೂರು ಕಡೆಯ ಮನೆಗಳಲ್ಲಿ ಕನ್ನಡ ಮಾತಾಡಿಕೊಂಡು ಬೆಳೆದ ಎಷ್ಟೋ ಜನಕ್ಕೆ "ವಾಚ್ ಫ್ಯಾಕ್ಟರಿ" ಅಂದರೆ ಅಣ್ಣನೋ ಅಕ್ಕನೋ ಪಕ್ಕದ ಮನೆಯವರೋ ಕೆಲಸಕ್ಕೆ ಹೋಗುವ ಜಾಗ.

ಎಚ್‌ಎಂಟಿ ಜನತಾಗೆ ದಿನಾ ಕೀ ಕೊಡಬೇಕಿತ್ತು. ಟೈಟನ್ ಹೆಸರು ಮಾಡಿದ್ದು ಕ್ವಾರ್ಟ್ಸ್‌ನಲ್ಲಿ, ಅಂದರೆ ನಾವು ಬ್ಯಾಟರಿ ವಾಚು ಅನ್ನುವುದರಲ್ಲಿ. ಅದರೊಳಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿನ ಚೂರು ಕಾಲ ಎಣಿಸುತ್ತದೆ. ಈ ತಂತ್ರದ ಮೊದಲ ಕೈಗಡಿಯಾರವನ್ನು ಸೈಕೋ ಮಾರಾಟಕ್ಕೆ ಬಿಟ್ಟಿದ್ದು 1969ರ ಡಿಸೆಂಬರ್ 25ರಂದು. ಬ್ಯಾಟರಿ ವಾಚಿನ ಕೀ ಮುಟ್ಟುವುದು ಸೆಲ್ಲು ಹಾಕಿಸಿದಾಗ, ಇಲ್ಲ ತಾರೀಖು ಸರಿಮಾಡುವಾಗ. ಅಂದಮೇಲೆ ಕೀ 3ರಲ್ಲೇ ಇರಬೇಕು ಅನ್ನುವ ಕಾರಣವೇ ಹೋಯಿತಲ್ಲ? ಹೋಯಿತು. ಕೀ ಮಾತ್ರ ಜಾಗ ಬಿಡಲಿಲ್ಲ. ಅಚ್ಚು, ಯಂತ್ರ, ಗಿರಾಕಿಯ ಕಣ್ಣು ಎಲ್ಲವೂ ಅಲ್ಲಿಗೇ ಒಗ್ಗಿಹೋಗಿದ್ದವು.

ಎಡಚರಿಗಾಗಿ ಕೀ 9ರ ಕಡೆ ಇರುವ ವಾಚು ಇಲ್ಲವೇ ಇಲ್ಲ ಅಂತಲ್ಲ. 2022ರಲ್ಲಿ ರೋಲೆಕ್ಸ್ ತನ್ನ ಜಿಎಂಟಿ ಮಾಸ್ಟರ್‌ನಲ್ಲಿ ಅಂಥದ್ದೊಂದು ತಂದಾಗ ದೊಡ್ಡ ಸುದ್ದಿಯೇ ಆಯಿತು. ಉಪಾಯ ಸರಳ ಅನಿಸುತ್ತದೆ. ಒಳಗಿನ ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಕೀ ಎಡಕ್ಕೆ ಬರುತ್ತದೆ. ಮುಳ್ಳುಗಳಿಗೆ ತೊಂದರೆ ಇಲ್ಲ, ಅವು ನಡುವಿನ ಅಚ್ಚಿನ ಮೇಲೆ ಸುತ್ತುತ್ತವೆ. ಆದರೆ ತಾರೀಖಿನ ಕಿಟಕಿಯೂ 9ರ ಕಡೆಗೆ ಹೋಗುತ್ತದೆ, ಹಳೆಯ ತಾರೀಖಿನ ಚಕ್ರವನ್ನೇ ಹಾಕಿದರೆ ಅಂಕಿಗಳು ತಲೆಕೆಳಗಾಗಿ ಕಾಣುತ್ತವೆ. ಅದಕ್ಕೇ ಬೇರೆ ಚಕ್ರ ಮುದ್ರಿಸಬೇಕು. ಹತ್ತರಲ್ಲಿ ಒಬ್ಬರಿಗೆ, ಅದರಲ್ಲೂ ಅರ್ಧ ಜನ ಕೇಳದ ವಸ್ತುವಿಗೆ, ಇಷ್ಟೆಲ್ಲ ಮಾಡಿ ಅಗ್ಗಕ್ಕೆ ಮಾರುವವರು ಯಾರು? ಹೊಸೂರು ಬಸ್‌ಸ್ಟ್ಯಾಂಡ್ ಕಡೆಯ ವಾಚ್ ರಿಪೇರಿ ಅಂಗಡಿಯಲ್ಲಿ "ಅಣ್ಣ, ಕೀ ಎಡಗಡೆ ಇರೋದು ಸಿಗುತ್ತಾ?" ಅಂತ ಕೇಳಿದ್ದೆ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಅವರು, "ತಿರುಗಿಸಿ ಕಟ್ಕೊಳಿ ಸಾರ್, ಆರು ಗಂಟೆ ಹನ್ನೆರಡಾಗುತ್ತೆ ಅಷ್ಟೆ" ಅಂದರು.

ಈಗ ಎಡಚರ ಕಷ್ಟ ನೋಡಿ. ಬಲಗೈಗೆ ವಾಚು ಕಟ್ಟಿದರೆ ಬೆಲ್ಟಿನ ಬಕಲ್ ಹಾಕುವುದು ಸುಲಭ. ಸಣ್ಣ ತೂತಿಗೆ ಕಡ್ಡಿ ತೂರಿಸುವ ಆ ನಾಜೂಕು ಕೆಲಸ ಅವರ ಪಳಗಿದ ಎಡಗೈಗೆ ಸಿಗುತ್ತದೆ. ಆದರೆ ಕೀ ಕೈಗೆಟುಕುವುದಿಲ್ಲ. ಎಡಗೈಗೆ ಕಟ್ಟಿದರೆ ಕೀ ಸಲೀಸು, ಆದರೆ ಬಕಲ್ ಹಾಕಲು ಪಳಗದ ಬಲಗೈ ತಡವರಿಸುತ್ತದೆ. ಬರೆಯುವಾಗ ಚೈನು ಮೇಜಿಗೆ ಉಜ್ಜುತ್ತದೆ. ಯಾವ ಕಿರಿಕಿರಿ ವಾಸಿ ಅನ್ನುವುದು ಅವರವರ ಇಷ್ಟ. ಮೊದಲ ವಾಚು ಕಟ್ಟಿಕೊಟ್ಟ ಅಪ್ಪನೋ ಮಾವನೋ "ಎಡಗೈ ಕೊಡು" ಅಂದಿದ್ದರೆ ಅಲ್ಲಿಗೇ ಇತ್ಯರ್ಥ.

ನನಗೆ ಇದಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸುವುದು ನಮ್ಮ ಊಟದ ತಟ್ಟೆ. ಎಲ್ಲ ಕಡೆ ಹೇಳುವ ಸೂತ್ರ ಒಂದೇ: ಹೆಚ್ಚು ಕೆಲಸ ಮಾಡದ ಕೈಗೆ ವಾಚು ಕಟ್ಟು. ಚಮಚ, ಫೋರ್ಕಿನ ದೇಶದಲ್ಲಿ ಕೂತು ಹೇಳಿದ ಸೂತ್ರ ಅದು. ನಮ್ಮಲ್ಲಿ ಎಡಚ ಮಗು ಪೆನ್ನನ್ನು ಎಡಗೈಯಲ್ಲಿ ಹಿಡಿದರೆ ಈಗೀಗ ಮೇಷ್ಟ್ರು ಸುಮ್ಮನಿರಬಹುದು. ಮುದ್ದೆಗೆ ಎಡಗೈ ಹಾಕಿದರೆ ಅಜ್ಜಿ ಬಿಡುವುದಿಲ್ಲ. ಹೊಸೂರು ಕಡೆ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. ಈ ವಿಷಯದಲ್ಲಿ ಮೂರರ ಬೈಗುಳವೂ ಒಂದೇ. ಹಾಗಾಗಿ ನಮ್ಮ ಎಷ್ಟೋ ಎಡಚರು ಬರೆಯುವುದು ಎಡಗೈಯಲ್ಲಿ, ಮುದ್ದೆ ಮುರಿದು ಸಾರಿಗೆ ಅದ್ದುವುದು ಬಲಗೈಯಲ್ಲಿ. ಕುಂಕುಮ ಕೊಡುವುದು, ದುಡ್ಡು ಕೊಡುವುದು, ಪ್ರಸಾದ ತೆಗೆದುಕೊಳ್ಳುವುದು ಎಲ್ಲ ಬಲಗೈಯಲ್ಲೇ. ಬಲಗೈಗೆ ವಾಚು ಕಟ್ಟಿದರೆ ದಿನಕ್ಕೆ ಮೂರು ಸಲ ಮಣಿಕಟ್ಟಿನವರೆಗೆ ಕೈ ತೊಳೆಯುವಾಗ ನೆನೆಯುತ್ತದೆ, ಬೆಲ್ಟಿನ ಅಂಚಿಗೆ ಸಾರು ಹತ್ತುತ್ತದೆ. ಎಡಗೈಗೆ ಕಟ್ಟಿದರೆ ಬರೆಯಲು ಅಡ್ಡ. ಅವರಿಗೆ ಬಿಡುವಾಗಿರುವ ಕೈಯೇ ಇಲ್ಲ!

ಇಲ್ಲಿ ನಮ್ಮ ಪ್ರಶ್ನೆಯೇ ಬದಲಾಗುತ್ತದೆ. "ನೀವು ಎಡಚರಾ?" ಅನ್ನುವುದಕ್ಕೆ ಹೌದು, ಇಲ್ಲ ಅನ್ನುವ ಉತ್ತರ ಸಾಲದು. "ಯಾವ ಕೆಲಸದಲ್ಲಿ?" ಅಂತ ಕೇಳಬೇಕು. ಮನಶ್ಶಾಸ್ತ್ರದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1971ರಲ್ಲಿ ಓಲ್ಡ್‌ಫೀಲ್ಡ್ ಅನ್ನುವವರು ಪ್ರಕಟಿಸಿದ, ಎಡಿನ್‌ಬರೋ ಪಟ್ಟಿ ಅಂತ ಹೆಸರಾದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಬರೆಯುವುದು, ಚಿತ್ರ ಬಿಡಿಸುವುದು, ಎಸೆಯುವುದು, ಕತ್ತರಿ, ಹಲ್ಲುಜ್ಜುವ ಬ್ರಷ್ಷು, ಚಾಕು, ಚಮಚ, ಪೊರಕೆಯ ಮೇಲ್ತುದಿ ಹಿಡಿಯುವ ಕೈ, ಬೆಂಕಿಕಡ್ಡಿ ಗೀರುವುದು, ಡಬ್ಬಿಯ ಮುಚ್ಚಳ ತೆಗೆಯುವುದು. ಒಂದೊಂದಕ್ಕೂ ಯಾವ ಕೈ ಅಂತ ಕೇಳಿ ಅಂಕ ಹಾಕುತ್ತಾರೆ. ಪೂರ್ತಿ ಎಡದಿಂದ ಪೂರ್ತಿ ಬಲದವರೆಗೆ ಎಲ್ಲೋ ಒಂದು ಕಡೆ ನೀವು ನಿಲ್ಲುತ್ತೀರಿ. ಕೈಯಲ್ಲಿ ಊಟ ಮಾಡುವವರಿಗೆ ಆ ಪಟ್ಟಿಯ ಚಮಚದ ಪ್ರಶ್ನೆ ಸರಿಹೊಂದುವುದಿಲ್ಲ. ಊಟದ ಕೈ ಯಾವುದು ಅಂತ ಕೇಳಿದರೆ ಕೈಯ ವಿಷಯ ತಿಳಿಯುವುದಿಲ್ಲ, ಮನೆಯ ಶಿಸ್ತಿನ ವಿಷಯ ತಿಳಿಯುತ್ತದೆ.

ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ಸಚಿನ್ ತೆಂಡೂಲ್ಕರ್ ಬ್ಯಾಟು, ಬಾಲು ಎರಡೂ ಬಲಗೈ. ಸಹಿ ಹಾಕುವುದು ಎಡಗೈಯಲ್ಲಿ. ಸೌರವ್ ಗಂಗೂಲಿ ಬಲಗೈಯವರು, ಬ್ಯಾಟಿಂಗ್ ಎಡಗೈ. ರಫೇಲ್ ನಡಾಲ್ ಹುಟ್ಟಿನಿಂದ ಬಲಗೈಯವರು, ಟೆನಿಸ್ ಆಡಿದ್ದು ಎಡಗೈಯಲ್ಲಿ. ಆಡುವಾಗ ಅವರ ವಾಚು ಬಲ ಮಣಿಕಟ್ಟಿನಲ್ಲಿರುತ್ತಿತ್ತು. ನಮ್ಮ ಬಸ್ಸಿನ ಪತ್ತೇದಾರನಿಗೆ ಅವರ ಬಗ್ಗೆ ಏನು ಹೇಳಬೇಕು? ಇನ್ನು ಗಾಂಧೀಜಿ. 1909ರಲ್ಲಿ ಹಡಗಿನಲ್ಲಿ ಕೂತು 'ಹಿಂದ್ ಸ್ವರಾಜ್' ಬರೆಯುವಾಗ ಬಲಗೈ ಸೋತಾಗ ಎಡಗೈಗೆ ಪೆನ್ನು ಬದಲಿಸಿ ಸುಮಾರು 40 ಪುಟ ಬರೆದರು.

ಹಾಗಾದರೆ ಕೈಯ ಒಲವು ಎಲ್ಲಿಂದ ಬರುತ್ತದೆ? ಬರೀ ಅಭ್ಯಾಸ ಅಲ್ಲ. ಬೆಲ್‌ಫಾಸ್ಟಿನ ಸಂಶೋಧಕರು ಹೊಟ್ಟೆಯೊಳಗಿನ ಮಗು ಯಾವ ಹೆಬ್ಬೆರಳು ಚೀಪುತ್ತದೆ ಅಂತ ಸ್ಕ್ಯಾನಿನಲ್ಲಿ ನೋಡಿಟ್ಟುಕೊಂಡು, ಅವೇ ಮಕ್ಕಳು 10-12 ವರ್ಷದವರಾದಾಗ ಮತ್ತೆ ಪರೀಕ್ಷಿಸಿದರು. ಬಲ ಹೆಬ್ಬೆರಳು ಚೀಪಿದ 60 ಮಕ್ಕಳೂ ಬಲಗೈಯವರೇ ಆಗಿದ್ದರು. ಎಡ ಹೆಬ್ಬೆರಳು ಚೀಪಿದ 15ರಲ್ಲಿ 10 ಎಡಗೈ, 5 ಬಲಗೈ. ಇದು 2005ರಲ್ಲಿ ಪ್ರಕಟವಾಯಿತು. ಹತ್ತು ವಾರದ ಭ್ರೂಣವೇ ಒಂದು ತೋಳನ್ನು ಜಾಸ್ತಿ ಆಡಿಸುತ್ತದೆ, ಹೆಚ್ಚಿನವುಗಳಲ್ಲಿ ಅದು ಬಲತೋಳು. ಆ ಹೊತ್ತಿಗೆ ಮೆದುಳಿನಿಂದ ಕೈಗೆ ಹೋಗುವ ನರದ ಹಾದಿ ಇನ್ನೂ ಪೂರ್ತಿ ಕೂಡಿರುವುದಿಲ್ಲ. ಆದ್ದರಿಂದ ಒಲವು ಮೊದಲು ಬೆನ್ನುಹುರಿಯಲ್ಲೇ ಶುರುವಾಗುತ್ತದೇನೋ ಅನ್ನುವವರೂ ಇದ್ದಾರೆ.

ವಂಶದಿಂದ ಬರುತ್ತದಾ? ಸ್ವಲ್ಪ. ಅವಳಿಗಳನ್ನು ಹೋಲಿಸಿ ನೋಡಿದವರು ವಂಶವಾಹಿಗಳ ಪಾಲು ಸುಮಾರು ಕಾಲುಭಾಗ ಅನ್ನುತ್ತಾರೆ. ಅಪ್ಪ ಅಮ್ಮ ಇಬ್ಬರೂ ಎಡಚರಾದರೂ ಮಕ್ಕಳಲ್ಲಿ ಎಡಚರು ನಾಲ್ಕಕ್ಕೆ ಒಬ್ಬರಷ್ಟೇ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬ ಎಡ, ಒಬ್ಬ ಬಲ ಆಗುವುದುಂಟು. 17 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿದ ಅಧ್ಯಯನಕ್ಕೆ ಎಡಗೈಗೆ ಸಂಬಂಧಪಟ್ಟ 41 ಜಾಗಗಳು ವಂಶವಾಹಿಗಳಲ್ಲಿ ಸಿಕ್ಕವು. ಒಂದೊಂದರ ಪ್ರಭಾವವೂ ಚಿಕ್ಕದು. "ಎಡಗೈ ಜೀನ್" ಅನ್ನುವ ಒಂದೇ ವಸ್ತು ಇಲ್ಲ.

ಎಡಚರ ಮೆದುಳು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಅನ್ನುವುದೂ ಸುಳ್ಳು. ಬಲಗೈಯನ್ನು ಎಡಮೆದುಳು, ಎಡಗೈಯನ್ನು ಬಲಮೆದುಳು ನಡೆಸುತ್ತದೆ, ಅದು ಎಲ್ಲರಿಗೂ ಒಂದೇ. ಮಾತಿನ ಮುಖ್ಯ ಜಾಗ ಬಲಗೈಯವರಲ್ಲಿ ನೂರಕ್ಕೆ ಸುಮಾರು 95 ಜನಕ್ಕೆ ಎಡಮೆದುಳಿನಲ್ಲಿದೆ. ಎಡಚರಲ್ಲೂ ಸುಮಾರು 70 ಜನಕ್ಕೆ ಅಲ್ಲೇ ಇದೆ. ಮನುಷ್ಯರ ಈ ಬಲದ ಒಲವು ತುಂಬ ಹಳೆಯದು. ನಿಯಾಂಡರ್ತಲ್ ಜನ ಮಾಂಸದ ತುಂಡನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಹಿಡಿದು ಕಲ್ಲಿನ ಅಲಗಿನಿಂದ ಕೊಯ್ಯುವಾಗ ಹಲ್ಲಿಗೆ ಗೀರು ಬಿದ್ದಿದೆ. ಗೀರಿನ ಓರೆ ನೋಡಿದರೆ ಅಲಗು ಯಾವ ಕೈಯಲ್ಲಿತ್ತು ಅಂತ ಗೊತ್ತಾಗುತ್ತದೆ. ಹೆಚ್ಚಿನವು ಬಲಗೈಯ ಗೀರುಗಳೇ.

ನಮ್ಮ ತಾತಂದಿರಲ್ಲಿ ಎಡಚರು ಯಾಕೆ ಅಷ್ಟು ಕಡಿಮೆ ಅಂತ ಕೆಲವರಿಗೆ ಅನಿಸಿರಬಹುದು. ಇದೇ ಅನುಮಾನ ಅಮೆರಿಕದಲ್ಲಿ ಒಂದು ದೊಡ್ಡ ಎಡವಟ್ಟಿಗೆ ದಾರಿ ಮಾಡಿತ್ತು. 1991ರಲ್ಲಿ ಇಬ್ಬರು ಸಂಶೋಧಕರು ಕ್ಯಾಲಿಫೋರ್ನಿಯಾದ ಸಾವಿನ ದಾಖಲೆ ಹಿಡಿದು, ಸತ್ತವರ ಮನೆಯವರನ್ನು ವಿಚಾರಿಸಿ, ಎಡಚರು ಬಲಗೈಯವರಿಗಿಂತ ಸರಾಸರಿ 9 ವರ್ಷ ಮೊದಲೇ ಸಾಯುತ್ತಾರೆ ಅಂತ ಬರೆದರು. ಪತ್ರಿಕೆಗಳು ಬಿಡುತ್ತವಾ! ಎಡವಿದ್ದು ಇಲ್ಲಿ: ಮುದುಕರ ಕಾಲದಲ್ಲಿ ಎಡಚ ಮಕ್ಕಳಿಗೆ ಹೊಡೆದು ಬಡಿದು ಬಲಗೈ ಮಾಡಿಸಿದ್ದರು. ವಯಸ್ಸಾಗಿ ಸತ್ತವರ ಪಟ್ಟಿಯಲ್ಲಿ ಅವರೆಲ್ಲ "ಬಲಗೈ". ಎಡಗೈ ಬಿಡಿಸಿಕೊಳ್ಳದೆ ಉಳಿದವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು. ಅವರಲ್ಲಿ ಸತ್ತವರೆಲ್ಲ ಚಿಕ್ಕ ವಯಸ್ಸಿನಲ್ಲೇ ಸತ್ತಿರಬೇಕಲ್ಲ? ಕೈ ಆಯುಸ್ಸನ್ನು ಕದ್ದಿರಲಿಲ್ಲ.

ಮತ್ತೆ ವಾಚಿಗೆ ಬರೋಣ. ಬಲಗೈಯವರೇ ಆಗಿ ಬಲಗೈಗೆ ಕಟ್ಟುವ ಆ ಐದು ಜನ ಯಾರು? ರಷ್ಯಾದ ಪುಟಿನ್ ಅವರಲ್ಲಿ ಪ್ರಸಿದ್ಧರು. ಕೆಲವರಿಗೆ ಎಡಗೈ ಮಡಚಿದಾಗ ಕೀ ಮುಂಗೈಗೆ ಒತ್ತಿ ನೋವಾಗುತ್ತದೆ. ಬಲಗೈಗೆ ಹಾಕಿದರೆ ಕೀ ಮೊಣಕೈ ಕಡೆ ಇರುತ್ತದೆ, ಒತ್ತುವುದಿಲ್ಲ. ಕೆಲವರಿಗೆ ಕೆಲಸವೇ ಕೈ ಆರಿಸಿಕೊಡುತ್ತದೆ. ನಮ್ಮ ಕಡೆ ಗುಲಾಬಿ ಬೆಳೆಯುವ ಪಾಲಿಹೌಸ್‌ಗಳಿಗೆ ಹೂ ಕತ್ತರಿಸಲು ಹೋಗುವ ಹೆಂಗಸರನ್ನು ನೋಡಿ. ಕತ್ತರಿ ಬಲಗೈಯಲ್ಲಿ, ಕತ್ತರಿಸಿದ ಉದ್ದ ಕಡ್ಡಿಗಳು ಎಡತೋಳಿನ ಮೇಲೆ. ಪಕ್ಕದ ಮನೆಯ ಅಕ್ಕ ವಾಚನ್ನು ಬಲಕ್ಕೆ ಹಾಕಿಕೊಂಡಿದ್ದು ಕಂಡು ಕೇಳಿದರೆ, "ಎಡಗೈಲಿದ್ರೆ ಗುಲಾಬಿ ಮುಳ್ಳು ಬೆಲ್ಟಿಗೆ ಸಿಕ್ಕಾಕೊಳ್ಳುತ್ತೆ ಕಣಪ್ಪ, ಕಡ್ಡಿ ಜೊತೆ ವಾಚೂ ಹೋಗುತ್ತೆ" ಅಂದರು. ಮದುವೆಗೆ ಹೋಗುವಾಗ ಅದೇ ವಾಚು ಎಡಕ್ಕೆ ಬರುತ್ತದೆ, ಬಲಗೈ ತುಂಬ ಬಳೆ. ಡಯಲ್ಲು ಮಣಿಕಟ್ಟಿನ ಒಳಬದಿಗೆ ಬರುವ ಹಾಗೆ ಕಟ್ಟುವವರೂ ಇದ್ದಾರೆ. ಕೈಯಲ್ಲಿ ಚೀಲವೋ ಮಗುವೋ ಇದ್ದಾಗ ಕೈ ತಿರುಗಿಸದೆ ಟೈಮ್ ಕಾಣುತ್ತದೆ, ಗಾಜಿಗೆ ಗೀರೂ ಬೀಳುವುದಿಲ್ಲ.

ಸ್ಮಾರ್ಟ್‌ವಾಚು ಬಂದ ಮೇಲೆ ಎಡಚರ ಹಳೆಯ ತಕರಾರು ಒಂದಷ್ಟು ತೀರಿದೆ. ಆ್ಯಪಲ್ ವಾಚಿನಲ್ಲಿ ಯಾವ ಮಣಿಕಟ್ಟು, ಕೀ ಯಾವ ಕಡೆ ಅಂತ ಸೆಟ್ಟಿಂಗ್ಸ್‌ನಲ್ಲಿ ಹೇಳಿದರೆ ಪರದೆಯೇ ತಲೆಕೆಳಗಾಗಿ ಕೀ ಎಡಕ್ಕೆ ಬರುತ್ತದೆ. ರಿಪೇರಿ ಅಂಗಡಿಯ ಅಣ್ಣನ ತಮಾಷೆ ಇಲ್ಲಿ ನಿಜವಾಗಿದೆ. ಆದರೆ ಹೆಜ್ಜೆ ಎಣಿಸುವ ವಾಚುಗಳು ಹೊಸದೊಂದು ಪ್ರಶ್ನೆ ತಂದಿವೆ. ಕೆಲವು ವಾಚುಗಳು "ನಿಮ್ಮ ಮುಖ್ಯ ಕೈಗೆ ಕಟ್ಟಿದ್ದೀರಾ, ಇನ್ನೊಂದು ಕೈಗೆ ಕಟ್ಟಿದ್ದೀರಾ?" ಅಂತ ಕೇಳುತ್ತವೆ. ವಾಚು ಹೆಜ್ಜೆಯನ್ನು ಕಾಲಿನಿಂದ ಎಣಿಸುವುದಿಲ್ಲ, ತೋಳಿನ ತೂಗಾಟದಿಂದ ಅಂದಾಜು ಮಾಡುತ್ತದೆ. ಮುಖ್ಯ ಕೈ ತರಕಾರಿ ಹೆಚ್ಚುತ್ತದೆ, ಗೋಡೆ ಒರೆಸುತ್ತದೆ, ಮಾತಾಡುವಾಗ ಗಾಳಿಯಲ್ಲಿ ಆಡುತ್ತದೆ. ಅದನ್ನೆಲ್ಲ ಹೆಜ್ಜೆ ಅಂತ ಎಣಿಸಬಾರದು ಅಂತ ವಾಚು ತನ್ನ ಸೂಕ್ಷ್ಮತೆ ತಗ್ಗಿಸಿಕೊಳ್ಳಬೇಕು. ನಿದ್ದೆಯ ಅಧ್ಯಯನ ಮಾಡುವವರು ಚಲನೆ ಅಳೆಯುವ ಪಟ್ಟಿಯನ್ನು ಮುಖ್ಯವಲ್ಲದ ಕೈಗೆ ಕಟ್ಟುವ ರೂಢಿಯೂ ಇದಕ್ಕೇ.

ಎಡಗೈಯಲ್ಲಿ ಬರೆದು ಬಲಗೈಯಲ್ಲಿ ಉಣ್ಣುವವರು ಆ ಪ್ರಶ್ನೆಗೆ ಏನು ಒತ್ತಬೇಕು? ವಾಚಿಗೆ ನಿಮ್ಮ ಪೆನ್ನೂ ಬೇಡ, ತಟ್ಟೆಯೂ ಬೇಡ. ದಿನವಿಡೀ ಯಾವ ತೋಳು ಜಾಸ್ತಿ ಆಡುತ್ತದೆ ಅನ್ನುವುದಷ್ಟೇ ಬೇಕು. ಊಟ ಬಿಟ್ಟು ಪೊರಕೆ, ಚಾಕು, ಸುತ್ತಿಗೆ ಎಲ್ಲ ಎಡಗೈಯಲ್ಲಾದರೆ ಮುಖ್ಯ ಕೈ ಎಡ ಅಂತಲೇ ಒತ್ತಿ. ಅನುಮಾನ ಇದ್ದರೆ ಬಾಯಲ್ಲಿ ಎಣಿಸಿಕೊಂಡು 500 ಹೆಜ್ಜೆ ನಡೆದು ವಾಚಿನ ಲೆಕ್ಕ ನೋಡಿ. ಆಮೇಲೆ ಅರ್ಧ ಗಂಟೆ ನಿಂತಲ್ಲೇ ಅಡುಗೆ ಮಾಡಿ, ಎಷ್ಟು ಸುಳ್ಳು ಹೆಜ್ಜೆ ಸೇರಿಕೊಂಡಿವೆ ನೋಡಿ. ಇನ್ನೊಂದು ಕೈಗೂ ಕಟ್ಟಿ ಅದನ್ನೇ ಮಾಡಿ. ಯಾವ ಕೈಯಲ್ಲಿ ಸುಳ್ಳು ಕಡಿಮೆಯೋ ವಾಚು ಅಲ್ಲಿರಲಿ.